ಕಥಾಭ್ಯಾಸಿಯೂ ನಿರೂಪಕನ ಆಯ್ಕೆಯೂ

ಸಣ್ಣಕತೆಯ ರಚನೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಯು ತನಗೆ ತಾನೇ ಒಡ್ಡಿಕೊಳ್ಳಬೇಕಾದ ಪರೀಕ್ಷೆ ಯಾವುದು? ಅಪೂರ್ವವಾದ ವಸ್ತುವನ್ನು ಹುಡುಕುವುದೇ ಪರೀಕ್ಷೆಯೆಂದು ಹಲವರು ಭಾವಿಸುತ್ತಾರೆ. ಆದರೆ ನಿಜವಾದ ಕಷ್ಟವಿರುವುದು, ಕತೆಯನ್ನು ಯಾರ ಬಾಯಿಂದ ಹೇಳಿಸಬೇಕೆಂಬ ನಿರ್ಣಯದಲ್ಲಿ.

ಕೋಲಾರ ಜಿಲ್ಲೆಯವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986) ಅವರ ಕತೆಗಳು ಇದಕ್ಕೆ ಉತ್ತಮ ನಿದರ್ಶನ. 'ರಂಗನ ಮದುವೆ'ಯನ್ನು ಹೇಳುವಾತನು ಆ ಊರಿನವನೇ; ಊರಿನ ಅಭಿಮಾನ, ಹರಟೆಯ ಚಪಲ ಎರಡೂ ಅವನಲ್ಲುಂಟು. 'ಮೊಸರಿನ ಮಂಗಮ್ಮ' ಎಂಬ ಕತೆಯಲ್ಲಾದರೋ ಲೇಖಕರು ಆ ಸಲುಗೆಯ ದನಿಯನ್ನು ಬಿಟ್ಟು, ಗೃಹಿಣಿಯೊಬ್ಬಳಿಗೆ ನಿರೂಪಣೆಯನ್ನು ಒಪ್ಪಿಸಿದ್ದಾರೆ. ಮಂಗಮ್ಮನ ಮನೆಯ ಜಗಳವನ್ನು ಆಕೆ ಕಣ್ಣಾರೆ ಕಂಡವಳಲ್ಲ. ಆದುದರಿಂದ ಸತ್ಯವು ಓದುಗನಿಗೆ ಒಮ್ಮೆಲೇ ದೊರೆಯದೆ, ಮೊಸರು ಹಾಕುವವಳ ಮಾತಿನಲ್ಲಿ ಇಷ್ಟಿಷ್ಟಾಗಿ ದೊರೆಯುತ್ತದೆ. ಆ ಮಿತಿಯೇ ಕತೆಯ ಬಲ. ಕೊನೆಯಲ್ಲಿ ನಿರೂಪಕಿಯು ತತ್ತ್ವವನ್ನು ಬಿಡಿಸಿ ನುಡಿಯುವಲ್ಲಿ ಮಾತ್ರ ಈ ಬಲ ಕೊಂಚ ಸಡಿಲಿತೆನ್ನಬೇಕು.

ಇದೇ ಜಿಲ್ಲೆಯ ಆಂಡರ್ಸನ್‌ಪೇಟೆಯ ವಿದ್ಯಾರ್ಥಿಗೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾದುದು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಆ ಕತ್ತಲೆಯನ್ನು ಅವನು ಕಂಡವನಲ್ಲ, ಹಿರಿಯರಿಂದ ಕೇಳಿದವನು. ಕೇಳಿದುದು ಅನೇಕ ವೇಳೆ ತಮಿಳಿನಲ್ಲಿ ಅಥವಾ ತೆಲುಗಿನಲ್ಲಿ, ಬರೆಯಬೇಕಾದುದು ಕನ್ನಡದಲ್ಲಿ. ಎಲ್ಲವನ್ನೂ ಬಲ್ಲ ನಿರೂಪಕನೊಬ್ಬನನ್ನು ಗಣಿಯೊಳಕ್ಕೆ ಇಳಿಸಿದರೆ ಬಂಡೆ ಸಿಡಿದ ಸದ್ದು, ಸಯನೈಡ್ ದಿಬ್ಬಗಳ ವರ್ಣನೆ ದೊರೆತೀತು. ಹೇಳಿದವರ ದನಿ ಉಳಿಯದು.

ಅಂಥವನು ಒಂದೇ ಪ್ರಸಂಗವನ್ನು ಮೂವರ ಬಾಯಿಂದ ಹೇಳಿಸಿ ನೋಡಲಿ. ಗಣಿಯ ಕೆಲಸ ನಿಂತ ದಿನ ಮನೆಗೆ ಬಂದ ತಂದೆಯ ಮೌನವೇ ಆ ಪ್ರಸಂಗವಾಗಲಿ. ಅದನ್ನು ಆ ತಂದೆಯೇ ಹೇಳಲಿ, ಅವನ ಹೆಂಡತಿ ಹೇಳಲಿ, ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಹೋಗುವ ಮಗನೂ ಹೇಳಲಿ. ಹೇಳುವವರು ಅರಿಯಲಾರದುದನ್ನು ಕತೆಯೂ ಅರಿಯಬಾರದು. ಆಗ ತಂದೆಗೆ ಮಾನದ ಪ್ರಶ್ನೆಯಾದುದು ತಾಯಿಗೆ ನಾಳಿನ ಅಕ್ಕಿಯ ಪ್ರಶ್ನೆಯಾಗುತ್ತದೆ; ಮಗನಿಗೆ ತಾನು ಅಂದು ಕೇಳದೆಹೋದ ಪ್ರಶ್ನೆಯಾಗುತ್ತದೆ. ಮೂರರಲ್ಲಿ ಎರಡನ್ನು ಹರಿದುಹಾಕಬೇಕಾದೀತು. ಆದರೂ ಉಳಿದ ಒಂದರ ಹಿಂದೆ ಅವೆರಡರ ತಿಳಿವಳಿಕೆ ಇದ್ದೇ ಇರುತ್ತದೆ.

ಭಾಷಾಭೇದವು ಇದಕ್ಕೆ ಅಡ್ಡಿಯೆನ್ನುವಂತಿಲ್ಲ. ಮನೆಮಾತು ತಮಿಳಾಗಿದ್ದ ಮಾಸ್ತಿಯವರೇ ಕನ್ನಡದ ಆಡುಮಾತಿಗೆ ಕತೆಯಲ್ಲಿ ಘನತೆಯನ್ನು ತಂದರು. ಸಂಭಾಷಣೆಯಲ್ಲಿ ನಾಲ್ಕು ತಮಿಳು ಪದಗಳನ್ನು ಚೆಲ್ಲಿದರೆ ಊರಿನ ಬಣ್ಣ ಬಂದೀತು, ಜೀವ ಬಾರದು. ಆಡುವವರ ಮಾತಿನ ನಡೆ, ತಡೆ, ಬಿಟ್ಟುಬಿಡುವ ಅರ್ಧವಾಕ್ಯ, ಇವನ್ನು ಕನ್ನಡದಲ್ಲಿಯೇ ಕೇಳಿಸಬಲ್ಲವನು ಪರೀಕ್ಷೆಯಲ್ಲಿ ಗೆದ್ದಂತೆ.