ಮಾತಾಡದ ಮನುಷ್ಯನ ಮನೆಮಾತು

ಮುಂಬಯಿ ಸೀಮೆಯ ಕನ್ನಡಿಗರಲ್ಲಿ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರ ಹೆಸರು ಬಂದಿತೆಂದರೆ 'ನಮ್ಮ ಮೈಸೂರಿನವರು' ಎಂಬ ಮಾತು ಹಿಂಬಾಲಿಸದೆ ಇರುವುದಿಲ್ಲ. ಆ ಮಾತಿನ ಬೆನ್ನಿಗೇ ಮೈಸೂರಿನ ಕಾಫಿ, ಹಜಾರದ ಬೆತ್ತದ ಕುರ್ಚಿ, ಹಿತ್ತಿಲ ಕಾಗೆ, ಅಣ್ಣ ನಾರಾಯಣರ ಮಾಲ್ಗುಡಿ ಇವೆಲ್ಲವೂ ಮೆರವಣಿಗೆಯಾಗಿ ಹೊರಡುತ್ತವೆ. ಈ ಪ್ರೀತಿ ಸಹಜವಾದುದು. ಪರಸ್ಥಳದಲ್ಲಿ ನೆಲಸಿದವರು ತಮ್ಮ ನಾಡಿನ ಒಂದು ಹೆಸರು ದೊಡ್ಡದಾಗಿ ಬೆಳೆದುದನ್ನು ಕಂಡು ಹಿಗ್ಗಿದರೆ ತಪ್ಪೇನೂ ಇಲ್ಲ. ಆದರೆ ವಿಮರ್ಶೆ ಮಾಡಬೇಕಾದ ಕೆಲಸವನ್ನು ತಾನೇ ಮಾಡಿ ಮುಗಿಸಿದೆನೆಂದು ಪ್ರೀತಿ ಭಾವಿಸಿದಾಗ ತೊಡಕು ಹುಟ್ಟುತ್ತದೆ. ಲಕ್ಷ್ಮಣರ ಚಿತ್ರಗಳಲ್ಲಿ ನಾವು ಕಾಣುವ ಮನೆ ನಿಜವಾಗಿಯೂ ಅಲ್ಲಿದೆಯೆ, ಅಥವಾ ನಮ್ಮ ಅಡಿಗೆಮನೆಯಿಂದ ನಾವೇ ಒಯ್ದು ಅಲ್ಲಿ ಇಟ್ಟದ್ದೆ? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಅವರ ಹಾಸ್ಯಕ್ಕೂ ಕನ್ನಡಕ್ಕೂ ಇರುವ ನಂಟನ್ನು ನಿರ್ಣಯಿಸುವುದು ಸಾಧ್ಯವಿಲ್ಲ.

ಜೀವನಚರಿತ್ರೆಯ ಸಂಗತಿಗಳು ಎಲ್ಲರಿಗೂ ವಿದಿತವಾದುವೇ. ಬೇಕಾದಷ್ಟನ್ನು ಮಾತ್ರ ಹೇಳಬಹುದು. ಲಕ್ಷ್ಮಣರು ಹುಟ್ಟಿದ್ದು ಮೈಸೂರಿನಲ್ಲಿ, ೧೯೨೧ನೆಯ ಇಸವಿ ಅಕ್ಟೋಬರ್ ೨೪ರಂದು. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ಓದಿನ ಮಾತು ಇಂಗ್ಲಿಷು. ಪತ್ರಿಕೆಯಲ್ಲಿ ಬರುತ್ತಿದ್ದ ಇಂಗ್ಲೆಂಡಿನ ಡೇವಿಡ್ ಲೋ ಅವರ ಚಿತ್ರಗಳ ಕೆಳಗಿನ ಸಹಿಯನ್ನು ಬಹುಕಾಲ 'ಕೌ' ಎಂದೇ ಓದಿಕೊಂಡಿದ್ದ ಹುಡುಗ ಇವರು. ಮುಂಬಯಿಯ ಜೆ. ಜೆ. ಕಲಾಶಾಲೆ ಇವರಿಗೆ ಪ್ರವೇಶವನ್ನು ನಿರಾಕರಿಸಿತು. ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದರು. ಡಾ. ಎಂ. ಶಿವರಾಂ ಅವರು ೧೯೪೨ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆಗೆ ಎಳೆಯ ವಯಸ್ಸಿನಲ್ಲಿ ಚಿತ್ರಗಳನ್ನು ಬರೆದರು. ಆಮೇಲೆ ಮುಂಬಯಿಯ ಫ್ರೀ ಪ್ರೆಸ್ ಜರ್ನಲ್, ಅನಂತರ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಟೈಮ್ಸ್ ಆಫ್ ಇಂಡಿಯಾ. ಅಲ್ಲಿ ೧೯೫೧ರಲ್ಲಿ ಮೊದಲಾದ 'ಯು ಸೆಡ್ ಇಟ್' ಎಂಬ ಕಿರುಚಿತ್ರದ ಅಂಕಣವೇ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ೧೯೮೪ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, ೨೦೦೫ರಲ್ಲಿ ಪದ್ಮವಿಭೂಷಣ. ೨೦೧೫ರ ಗಣರಾಜ್ಯದಿನದಂದೇ ಪುಣೆಯಲ್ಲಿ ನಿಧನ.

ಇನ್ನು ಚಿತ್ರಗಳ ಕಡೆಗೆ ತಿರುಗೋಣ. ಆ ಅಂಕಣದ ನಾಯಕನನ್ನು ನಾವು 'ಶ್ರೀಸಾಮಾನ್ಯ' ಎನ್ನುತ್ತೇವೆ. ಕುವೆಂಪು ಅವರು ಬಳಕೆಗೆ ತಂದ ಈ ಪದದಲ್ಲಿ ಇಂಗ್ಲಿಷಿನ ಮಾತಿಗಿಲ್ಲದ ಒಂದು 'ಶ್ರೀ' ಇದೆ; ಬೋಳುತಲೆಯ ಹಿಂದೆ ನಾಲ್ಕು ಕೂದಲೆಳೆ, ದಪ್ಪ ಮೀಸೆ, ಕನ್ನಡಕ, ಪಂಚೆ, ಚೌಕಳಿಯ ಕೋಟು ಇಷ್ಟೇ ಆಸ್ತಿಯುಳ್ಳ ಆ ಮುದುಕನಿಗೆ ಕನ್ನಡವು ಕೊಟ್ಟ ಮರ್ಯಾದೆ ಅದು. ಈಗ ಅವನ ಉಡುಪನ್ನೇ ನೋಡಿ. ಅದು ಯಾವ ಪ್ರಾಂತದ್ದು? ಪಂಚೆಯು ಅರ್ಧ ಭಾರತದ್ದು, ಕೋಟು ಗುಮಾಸ್ತೆಗಿರಿಯದು. ತಲೆಗೆ ಮೈಸೂರು ಪೇಟವಿಲ್ಲ, ಹಣೆಗೆ ನಾಮವಾಗಲಿ ವಿಭೂತಿಯಾಗಲಿ ಎದ್ದು ಕಾಣುವುದಿಲ್ಲ. ಅವನ ಊಟದ ತಟ್ಟೆಯಲ್ಲಿ ಏನಿದೆಯೆಂದು ಬಗ್ಗಿ ನೋಡಿದರೆ, ಹೆಸರಿಟ್ಟು ಕರೆಯಬಹುದಾದ ಭಕ್ಷ್ಯ ನಮಗೆ ಸಿಕ್ಕುವುದು ದುರ್ಲಭ. ಬಿಸಿಬೇಳೆಯನ್ನು ಹುಡುಕಿಕೊಂಡು ಹೋದ ಅಭಿಮಾನಿ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹಾಗೆಂದು ಅಡಿಗೆಮನೆ ಅಲ್ಲಿಲ್ಲವೆಂದಲ್ಲ. ಅದು ತುಂಬ ಇದೆ. ಆದರೆ ರುಚಿಯ ಸ್ಥಾನವಾಗಿ ಅಲ್ಲ, ತಕ್ಕಡಿಯಾಗಿ. ದಿಲ್ಲಿಯಲ್ಲಿ ಆದ ನಿರ್ಣಯದ ತೂಕವನ್ನು ಆ ಮನೆಯ ಖಾಲಿ ಡಬ್ಬಿ ಹೇಳುತ್ತದೆ. ಸಕ್ಕರೆ, ಈರುಳ್ಳಿ, ಸೀಮೆಎಣ್ಣೆ, ನಲ್ಲಿಯ ನೀರು, ಪಡಿತರದ ಸಾಲು ಇವುಗಳ ಮೂಲಕವೇ ಪಂಚವಾರ್ಷಿಕ ಯೋಜನೆಗಳು ಆ ಮನೆಯ ಹೊಸ್ತಿಲನ್ನು ದಾಟುತ್ತವೆ. ಮಂತ್ರಿಯ ಮನೆಯ ಸೋಫಾಕ್ಕೂ ಇವನ ಮನೆಯ ಕುರ್ಚಿಗೂ ಇರುವ ಅಂತರವನ್ನು ಲಕ್ಷ್ಮಣರ ಕುಂಚ ಎಷ್ಟು ಎಚ್ಚರದಿಂದ ಬರೆಯುತ್ತದೆಯೆಂಬುದನ್ನು ಗಮನಿಸಿದವರಿಗೆ ಅವರ ಗೃಹಚಿತ್ರಣ ಏತಕ್ಕಾಗಿ ಎಂಬುದು ಹೊಳೆಯದಿರದು.

ಹಾಗಾದರೆ ನಮ್ಮ ವಾಚಕರಿಗೆ ಅಲ್ಲಿ ಊರಿನ ವಾಸನೆ ಬರುವುದು ಹೇಗೆ? ಇದಕ್ಕೆ ಉತ್ತರವನ್ನು ಮಾಟುಂಗದ ಹಳೆಯ ಕಾಫಿಕ್ಲಬ್ಬುಗಳಲ್ಲಿ ಹುಡುಕುವ ವಾಡಿಕೆಯಿದೆ. ಘಣಸೋಲಿಯಂಥ ಹೊಸ ಬಡಾವಣೆಯಲ್ಲಿ ಅದು ಇನ್ನೂ ಸ್ಪಷ್ಟವಾಗಿ ಸಿಕ್ಕುತ್ತದೆಂದು ನನ್ನ ಅಭಿಪ್ರಾಯ. ಠಾಣೆಗೂ ವಾಶಿಗೂ ನಡುವೆ, ಖಾಡಿಯ ಮಗ್ಗುಲಲ್ಲಿರುವ ಈ ಸ್ಥಳ ಮೊದಲು ಆಗ್ರಿ ಕೋಳಿ ಜನರ ಹಳ್ಳಿ. ೧೯೭೦ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯ ನಕಾಶೆಯಲ್ಲಿ ಅದು ಸೆಕ್ಟರುಗಳಾಗಿ ಹರಡಿತು. ೨೦೦೪ರಲ್ಲಿ ಠಾಣೆಯಿಂದ ಲೋಕಲ್ ರೈಲೂ ಬಂದಿತು. ಕನ್ನಡ ನಾಡಿನ ಬೇರೆಬೇರೆ ಮೂಲೆಗಳಿಂದ ಬಂದವರು ಇಲ್ಲಿ ಒಂದೇ ಕಟ್ಟಡದ ಮೇಲುಕೆಳಗಿನ ಮಹಡಿಗಳಲ್ಲಿ ವಾಸಿಸಬಹುದು. ಒಂದು ಮನೆಯಲ್ಲಿ ನೀರುದೋಸೆ, ಇನ್ನೊಂದರಲ್ಲಿ ಜೋಳದ ರೊಟ್ಟಿ, ಮತ್ತೊಂದರಲ್ಲಿ ಹುಳಿಯನ್ನ. ಮಾತೂ ಹಾಗೆಯೇ, ಒಂದರಲ್ಲಿ ತುಳು, ಒಂದರಲ್ಲಿ ಧಾರವಾಡದ ಕನ್ನಡ, ಒಂದರಲ್ಲಿ ಕುಂದಾಪುರದ್ದು. ಮುಂಬಯಿಯ ನಡುಪಟ್ಟಣದ ಹಳೆಯ ತಲೆಮಾರಿಗೆ ಬೀದಿಯ ಉಡುಪಿ ಹೋಟೆಲೇ ಎರಡನೆಯ ಮನೆಯಾಗಿತ್ತು. ಈ ಬಡಾವಣೆಗಳ ಸಂಸಾರಕ್ಕೆ ಊರೆಂಬುದು ಬಹುಮಟ್ಟಿಗೆ ಬಾಗಿಲೊಳಗಿನ ಸಂಗತಿ. ಅಂಥ ಮನೆಗಳಿಗೆಲ್ಲ ಒಂದೇ ಪತ್ರಿಕೆ ಬಂದು, ಒಂದೇ ಚಿತ್ರವನ್ನು ಎಲ್ಲರೂ ಕಂಡು, ಪ್ರತಿಯೊಬ್ಬರೂ 'ಇದು ನಮ್ಮ ಮನೆ' ಎನ್ನುವಂತಾಗಬೇಕಾದರೆ, ಆ ಚಿತ್ರದಲ್ಲಿ ಯಾರ ಅಡಿಗೆಯ ಹೆಸರೂ ಇರಬಾರದು. ಲಕ್ಷ್ಮಣರು ತಟ್ಟೆಯನ್ನು ಖಾಲಿ ಬಿಟ್ಟರು, ವಾಚಕರು ಬಡಿಸಿಕೊಂಡರು.

ತಟ್ಟೆಯ ಮಾತಿಗಿಂತ ಮುಖ್ಯವಾದುದು ನಾಲಗೆಯ ಮಾತು. ಆ ಚಿತ್ರಗಳ ಅಡಿಬರಹ ಇಂಗ್ಲಿಷಿನಲ್ಲಿದೆ. ಆದರೆ ಆ ಮನೆಯೊಳಗೆ ಯಾರಾದರೂ ಇಂಗ್ಲಿಷ್ ಮಾತಾಡುತ್ತಾರೆಂದು ಯಾವ ವಾಚಕನೂ ನಂಬುವುದಿಲ್ಲ. ಶ್ರೀಸಾಮಾನ್ಯನಂತೂ ಬಾಯಿ ತೆರೆಯುವವನಲ್ಲ. ಮಾತೆಲ್ಲ ಅವನ ಹೆಂಡತಿಯದು, ನೆರೆಯವರದು, ಅಧಿಕಾರಿಗಳದು. ಸೆರಗನ್ನು ಸಿಕ್ಕಿಸಿಕೊಂಡು ನಿಂತಿರುವ ಆ ಗೃಹಿಣಿ ಸಕ್ಕರೆಯ ಬೆಲೆಯನ್ನು ಕುರಿತು ಸ್ವಚ್ಛವಾದ ಇಂಗ್ಲಿಷಿನಲ್ಲಿ ಗಂಡನನ್ನು ಕೇಳುತ್ತಾಳೆಂಬುದು ಮುದ್ರಣಾಲಯದ ಒಂದು ಒಪ್ಪಂದ ಮಾತ್ರ. ಎಂದರೆ, ಲಕ್ಷ್ಮಣರ ಗೃಹಚಿತ್ರಗಳ ಅಡಿಬರಹವೆಲ್ಲ ಮೊದಲೇ ಒಂದು ಭಾಷಾಂತರ. ಮೂಲದ ಭಾಷೆ ಯಾವುದೆಂಬುದನ್ನು ಮಾತ್ರ ಅವರು ಹೇಳಿಲ್ಲ. ವಾಚಕನು ಅದನ್ನು ತನ್ನ ಮೂಲಕ್ಕೆ ಹಿಂದಿರುಗಿಸುತ್ತಾನೆ. ಮೈಸೂರಿನವನ ಕಿವಿಯಲ್ಲಿ ಆಕೆ 'ಸಕ್ಕರೆ ಮುಗ್ದೋಯ್ತು' ಎಂದರೆ, ಧಾರವಾಡದವನ ಕಿವಿಯಲ್ಲಿ 'ಸಕ್ರಿ ಮುಗದೈತಿ' ಎನ್ನುತ್ತಾಳೆ, ಕುಂದಾಪುರದವನಿಗೆ 'ಸಕ್ರಿ ಮುಗ್ದ್ ಹೋಯ್ತ್' ಎಂದು ಕೇಳುತ್ತದೆ. ತಮಾಷೆಯು ಪೂರ್ತಿಯಾಗುವುದು ಈ ಮೂರನೆಯ ಹೆಜ್ಜೆಯಲ್ಲಿ. ಚಿತ್ರವನ್ನು ಕಂಡು, ಇಂಗ್ಲಿಷನ್ನು ಓದಿ, ಮನೆಮಾತಿನಲ್ಲಿ ನಗುವುದು. ಪರಸ್ಥಳದ ಕನ್ನಡಿಗನು ದಿನವೂ ಕಚೇರಿಯ ಭಾಷೆಯನ್ನು ಮನೆಯ ಭಾಷೆಗೆ ತಂದುಕೊಳ್ಳುವ ಅಭ್ಯಾಸವುಳ್ಳವನಾದುದರಿಂದ ಈ ಹೆಜ್ಜೆ ಅವನಿಗೆ ಅತ್ಯಂತ ಸುಲಭ. ನಮ್ಮವರ ಪ್ರೀತಿಗೆ ನಿಜವಾದ ಕಾರಣ ಮೈಸೂರಿನ ಜನ್ಮಪತ್ರಿಕೆಯಲ್ಲ, ಈ ಪರಿಶ್ರಮದ ಪಾಲುಗಾರಿಕೆ.

ಬೀಚಿಯವರ ತಿಂಮನನ್ನು ಪಕ್ಕಕ್ಕೆ ಇಟ್ಟು ನೋಡಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. ತಿಂಮನು ಮಾತಿನ ಮಲ್ಲ. ಅವನ ಕನ್ನಡವೇ ಅವನ ಹಾಸ್ಯ, ಅದನ್ನು ಬೇರೆ ಭಾಷೆಗೆ ಒಯ್ದರೆ ಅರ್ಧ ತಿಂಮ ದಾರಿಯಲ್ಲೇ ಉದುರಿಹೋಗುತ್ತಾನೆ. ಶ್ರೀಸಾಮಾನ್ಯನು ಮೂಕ, ಆದುದರಿಂದಲೇ ಎಲ್ಲ ಗಡಿಗಳನ್ನೂ ದಾಟಬಲ್ಲ. (ಘಣಸೋಲಿಯಲ್ಲಿ ಮೂಕಾಂಬಿಕೆಯ ಗುಡಿಯಿದೆ. ವರವನ್ನು ಬೇಡುವ ಕ್ಷಣದಲ್ಲಿ ಅಸುರನ ನಾಲಗೆ ಕಟ್ಟಿಹೋಯಿತೆಂಬುದು ಕೊಲ್ಲೂರಿನ ಸ್ಥಳಪುರಾಣ. ನಮ್ಮ ಮುದುಕನ ಮೌನದ ಕಾರಣ ಬೇರೆ: ನಿನಗೇನು ಬೇಕು ಎಂದು ಅವನನ್ನು ಯಾರೂ ಕೇಳಿದ್ದೇ ಇಲ್ಲ.)

ಈ ಮೂಕತನಕ್ಕೆ ಬೆಲೆ ತೆರಬೇಕಾಯಿತೆಂಬುದನ್ನು ಅಭಿಮಾನಿಗಳು ಒಪ್ಪುವುದಿಲ್ಲ. ವಿಳಾಸವಿಲ್ಲದ ಮನೆಯಲ್ಲಿ ಜಾತಿಯಿಲ್ಲ, ಕುಲದೇವರಿಲ್ಲ, ಮೇಲುಮಾಳಿಗೆಯವರ ಮೀನಿನ ವಾಸನೆಗೆ ಕೆಳಮಾಳಿಗೆಯವರು ಮೂಗು ಮುಚ್ಚಿಕೊಳ್ಳುವ ಜಗಳವಿಲ್ಲ. ಬೆಲೆಯೇರಿಕೆಯೊಂದೇ ಎಲ್ಲರ ಕಷ್ಟವಾಗಿ ನಿಲ್ಲುತ್ತದೆ. ಊಟದ ಎಲೆಯ ಮೇಲೆ ನಮ್ಮನ್ನು ಒಬ್ಬರಿಂದೊಬ್ಬರನ್ನು ದೂರವಿರಿಸುವ ಇತರ ಸಂಗತಿಗಳು ಚೌಕಟ್ಟಿನ ಹೊರಗೆ ಉಳಿಯುತ್ತವೆ. ಹೆಂಗಸಿನ ಚಿತ್ರವನ್ನೂ ಹೇಳಬೇಕು. ಅಲ್ಲಿ ಆಕೆ ಬಹುಮಟ್ಟಿಗೆ ದೂರುವವಳು. ದೂರಿನಲ್ಲಿ ಸತ್ಯವಿದೆ, ಬುದ್ಧಿಯೂ ಇದೆ, ಆದರೆ ನಗುವ ಹಕ್ಕು ಆಕೆಗೆ ದೊರೆತದ್ದು ಕಡಮೆ. 'ಕೊರವಂಜಿ'ಯ ಪುಟಗಳಲ್ಲಿಯೇ ಬರೆಯುತ್ತಿದ್ದ ಟಿ. ಸುನಂದಮ್ಮನವರನ್ನು ಇದರೊಡನೆ ಓದಬೇಕು. ಅವರ ಲೇಖನಗಳಲ್ಲಿ ಗೃಹಿಣಿಯೇ ಕಥೆಗಾರ್ತಿ. ಒಲೆಯ ಮುಂದೆ ಕುಳಿತವಳು ಗಂಡನನ್ನೂ ನೆಂಟರನ್ನೂ ತನ್ನನ್ನೂ ನೋಡಿ ನಗುತ್ತಾಳೆ. ಗೃಹಹಾಸ್ಯವೆಂದರೆ ಅದು. ಲಕ್ಷ್ಮಣರದು ಗೃಹದ ಕಿಟಕಿಯಿಂದ ಕಂಡ ರಾಜಕೀಯ ಹಾಸ್ಯ. ಎರಡನ್ನೂ ಒಂದೇ ಸೇರಿನಲ್ಲಿ ಅಳೆಯುವುದು ಸುನಂದಮ್ಮನವರಿಗೆ ಮಾಡುವ ಅನ್ಯಾಯವಾದೀತು.

ವಾಚಕರ ಭಾವದಲ್ಲಿ ಇನ್ನೊಂದು ಕಲಬೆರಕೆಯೂ ಆಗಿದೆ. ೧೯೮೦ರ ದಶಕದಲ್ಲಿ ಶಂಕರ್‌ನಾಗ್ ಅವರು ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದಾಗ, ಲಕ್ಷ್ಮಣರ ರೇಖಾಚಿತ್ರಗಳು ಅದರ ಮೊದಲಲ್ಲಿ ಕಾಣಿಸಿಕೊಂಡುವು. ಒಳಗಿನ ಜಗಲಿ, ಕಂಬ, ಹಂಚಿನ ಮಾಡು ಆಗುಂಬೆಯವು. ಮುಂಬಯಿಯಲ್ಲಿ ಬೆಳೆದ ಕನ್ನಡ ಮಕ್ಕಳಲ್ಲಿ ಅನೇಕರಿಗೆ 'ಲಕ್ಷ್ಮಣರ ಮನೆ'ಯೆಂದರೆ ಕಣ್ಣಿಗೆ ಕಟ್ಟುವುದು ಆ ಜಗಲಿಯೇ. ಮಲೆನಾಡಿನ ಮನೆಯೊಂದು ಹೀಗೆ ಮೈಸೂರಿನ ಚಿತ್ರಕಾರರ ಲೆಕ್ಕಕ್ಕೆ ಜಮೆಯಾಯಿತು. ಹಿಂದಿಯಲ್ಲಿ ಆಡಿದ ಮಾತು ಕನ್ನಡದ ನೆನಪಾಗಿ ಉಳಿಯಿತು. ನೆನಪು ಹೀಗೆ ತನ್ನ ಪಾಕವನ್ನು ತಾನೇ ಹದಮಾಡಿಕೊಳ್ಳುವುದನ್ನು ದೂಷಿಸಬೇಕಾಗಿಲ್ಲ. ಆದರೆ ಸಂಶೋಧಕನು ಯಾವ ಪದಾರ್ಥ ಎಲ್ಲಿಯದೆಂದು ಬೇರ್ಪಡಿಸಬೇಕು. ಲಕ್ಷ್ಮಣರ ಕಲ್ಪನೆಯಿಂದಲೇ ಹುಟ್ಟಿ ೧೯೮೮ರಲ್ಲಿ ದೂರದರ್ಶನಕ್ಕೆ ಬಂದ 'ವಾಗ್ಲೆ ಕೀ ದುನಿಯಾ'ವನ್ನು ನೋಡಿ: ಸಾಮಾನ್ಯ ಗೃಹಸ್ಥನು ಬಾಯಿ ತೆರೆದು ಮಾತಾಡಬೇಕಾದ ಕೂಡಲೆ ಅವನಿಗೆ ಒಂದು ಮರಾಠಿ ಅಡ್ಡಹೆಸರು ಬೇಕಾಯಿತು. ಮೌನವು ಹೋದರೆ ವಿಳಾಸ ಬರಲೇಬೇಕು. ವಾಗ್ಲೆಯನ್ನು ನಮ್ಮವರು ಮೆಚ್ಚಿದರು, ನಕ್ಕರು. 'ನಮ್ಮ ಮೈಸೂರಿನವನು' ಎನ್ನಲಿಲ್ಲ.

ಇಷ್ಟೆಲ್ಲ ಕಳೆದ ಮೇಲೆ ಮೈಸೂರಿನದೆಂದು ನಿಸ್ಸಂದೇಹವಾಗಿ ಹೇಳಬಹುದಾದುದು ಏನೂ ಉಳಿಯಲಿಲ್ಲವೆ? ಉಳಿಯಿತು. ಅದು ಕಾಗೆ. ಬಾಲ್ಯದಲ್ಲಿ ಮನೆಯ ಸುತ್ತ ಕಂಡ ಕಾಗೆಗಳನ್ನು ಲಕ್ಷ್ಮಣರು ಕಡೆಯವರೆಗೂ ಬಿಡದೆ ಬರೆದರು. ರಾಜಕೀಯದ ಸೋಂಕಿಲ್ಲದ, ಹಣದ ಅಥವಾ ಗಡುವಿನ ಒತ್ತಾಯವಿಲ್ಲದ ಆ ಚಿತ್ರಗಳಲ್ಲಿ ಅವರ ಕೈ ಅತ್ಯಂತ ಸ್ವತಂತ್ರವಾಗಿ ಆಡುತ್ತದೆ. ಅನ್ನ ಕಂಡರೆ ಬಳಗವನ್ನು ಕೂಗುವ ಹಕ್ಕಿಯೆಂದು ನಮ್ಮವರು ಅದನ್ನು ಹಿಂದಿನಿಂದಲೂ ಮೆಚ್ಚಿದ್ದಾರೆ, ಪಿತೃಗಳ ಹೆಸರಿನಲ್ಲಿ ಅದಕ್ಕೆ ತುತ್ತನ್ನೂ ಇಟ್ಟಿದ್ದಾರೆ. ಅಡಿಗೆಮನೆಗೆ ಅಷ್ಟು ಹತ್ತಿರವಾಗಿಯೂ ಹೊಸ್ತಿಲ ಹೊರಗೇ ಕುಳಿತು, ಕತ್ತನ್ನು ಓರೆಮಾಡಿ ಒಳಗಿನದನ್ನೆಲ್ಲ ಗಮನಿಸುವ ಪ್ರಾಣಿ ಅದು. ಶ್ರೀಸಾಮಾನ್ಯನು ಸಭೆಯ ಮೂಲೆಯಲ್ಲಿ ನಿಲ್ಲುವ ಭಂಗಿಯನ್ನು ಇದರೊಡನೆ ಹೋಲಿಸಿದರೆ, ಚೌಕಳಿಯ ಕೋಟಿನೊಳಗೆ ಯಾವ ಹಿತ್ತಿಲಿನ ನೋಟವಿದೆಯೆಂಬುದು ಗೊತ್ತಾಗುತ್ತದೆ.

ಇನ್ನು 'ಕೊರವಂಜಿ'ಯ ಮಾತು. ಇಪ್ಪತ್ತೈದು ವರ್ಷ ನಡೆದು ೧೯೬೭ರಲ್ಲಿ ನಿಂತ ಆ ಪತ್ರಿಕೆಯ ಆರಂಭದ ಸಂಪುಟಗಳಲ್ಲಿ ಲಕ್ಷ್ಮಣರ ಚಿತ್ರದ ಕೆಳಗೆ ಕನ್ನಡವಿದೆ. ಅಡಿಬರಹ ಯಾರ ಕೈಯದೇ ಆಗಿರಲಿ, ಅಲ್ಲಿ ಚಿತ್ರದ ಮನೆಯೂ ಮಾತಿನ ಮನೆಯೂ ಒಂದೇ. ವಾಚಕನು ಏನನ್ನೂ ಹಿಂದಿರುಗಿಸಬೇಕಾಗಿಲ್ಲ. ಮುಂಬಯಿಗೆ ಹೋಗುವ ಮೊದಲಿನ ಆ ಗೆರೆಗಳಲ್ಲಿ ಪಾತ್ರಗಳು ಎಷ್ಟು ಮಾತಾಡುತ್ತವೆ, ಯಾರು ಸುಮ್ಮನೆ ನಿಂತು ನೋಡುತ್ತಾರೆ, ತಟ್ಟೆಯಲ್ಲಿ ಹೆಸರುಳ್ಳ ತಿಂಡಿ ಏನಾದರೂ ಇದೆಯೆ ಎಂಬುದನ್ನು ೧೯೫೧ರ ಅನಂತರದ ಚಿತ್ರಗಳೊಡನೆ ಒಂದೊಂದಾಗಿ ಇಟ್ಟು ನೋಡಬೇಕು. ಮೂಕನಾದ ಆ ಮುದುಕನು ಇಂಗ್ಲಿಷ್ ಪತ್ರಿಕೆಯ ಅಗತ್ಯದಿಂದ ಮೂಕನಾದನೋ, ಮೈಸೂರಿನಿಂದ ಬರುವಾಗಲೇ ಹಾಗೆ ಬಂದನೋ ಎಂಬುದು ಆಗ ಗೊತ್ತಾದೀತು.