ಸಿಂಹದ್ವಾರದ ಒಳಗೆ ಒಂಬತ್ತು ವಾರ

ಬನಾರಸಿನಲ್ಲಿ ಓಡುವ ಹುಕಿ ಹತ್ತಿದವರ ಕಣ್ಣು ಮೊದಲು ಹೋಗುವುದು ಘಾಟುಗಳ ಕಡೆಗೆ. ಅಸ್ಸಿಯಿಂದ ರಾಜಘಾಟಿನ ತನಕ ಗಂಗೆಯ ಮಗ್ಗುಲಲ್ಲೇ ಆರು ಕಿಲೋಮೀಟರಿಗೂ ಮಿಕ್ಕ ದಾರಿ. ನಡುವೆ ಹನುಮಾನ್ ಘಾಟಿನ ಹತ್ತಿರ ಕರ್ನಾಟಕ ಘಾಟೂ ಸಿಗುತ್ತದೆ. ನೋಟವೇನೋ ಸೊಗಸು. ಆದರೆ ಎತ್ತರ ತಗ್ಗಿನ ಕಲ್ಲು ಮೆಟ್ಟಿಲು, ನೆರೆ ಇಳಿದ ಮೇಲೆ ಉಳಿಯುವ ಮೆಕ್ಕಲು, ಅಡ್ಡ ಮಲಗಿದ ಗೂಳಿ ಇವುಗಳ ನಡುವೆ ಪಳಗಿದ ಓಟಗಾರರೂ ಲಯ ಕಳೆದುಕೊಳ್ಳುತ್ತಾರೆ.

ಹೊಸಬರಿಗೆ ಹೇಳಿಮಾಡಿಸಿದ ಜಾಗ ಊರಿನ ಲಂಕಾ ಬಡಾವಣೆಯಲ್ಲಿದೆ. ಸಿಂಹದ್ವಾರ ದಾಟಿದರೆ 1916ರಲ್ಲಿ ಮದನ ಮೋಹನ ಮಾಳವೀಯರು ಕಟ್ಟಿದ ಬನಾರಸ್ ಹಿಂದೂ ವಿಶ್ವವಿದ್ಯಾಲಯ (ಬಿಎಚ್‌ಯು). ಸುಮಾರು 1,300 ಎಕರೆಯ ಆವರಣ. ಅರ್ಧಚಂದ್ರದಂತೆ ಬಾಗಿದ ರಸ್ತೆಗಳು ಒಂದರ ಹಿಂದೊಂದು, ಬದಿಯಲ್ಲಿ ಮರಗಳ ಸಾಲು, ಏರಿಲ್ಲದ ನೆಲ.

ಇಲ್ಲಿಗೆ ಒಪ್ಪುವ ಪಾಠಕ್ರಮವೆಂದರೆ ಅಮೆರಿಕದ ಜೋಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ ‘ಕೌಚ್ ಟು ಫೈವ್ ಕೆ’, ಅಂದರೆ ಸೋಫಾದಿಂದೆದ್ದು ಐದು ಕಿಲೋಮೀಟರ್ ಓಟದವರೆಗೆ. ಒಂಬತ್ತು ವಾರ, ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷದ ಬಿರುನಡಿಗೆಯ ನಂತರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೇ 20 ನಿಮಿಷ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೂ ಇದನ್ನೇ ಜನರಿಗೆ ಹೇಳಿಕೊಡುತ್ತದೆ.

ಓಡಲೆಂದು ಬಂದು ನಡೆಯುವುದೇ ಎಂದು ಸಂಕೋಚಪಡುವವರಿಗೆ ನೆರೆಯ ಸೋನಭದ್ರದ ರಾಮ್ ಬಾಬೂ ನೆನಪಾಗಬೇಕು. ಬನಾರಸಿನ ಹೋಟೆಲಿನಲ್ಲಿ ಮಾಣಿಯಾಗಿ ದುಡಿಯುತ್ತ ಅಭ್ಯಾಸ ನಡೆಸಿದ್ದ ಅವರು, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಂಜು ರಾಣಿ ಜೊತೆ 35 ಕಿ.ಮೀ. ಮಿಶ್ರ ತಂಡದ ವೇಗನಡಿಗೆಯಲ್ಲಿ ಕಂಚು ಗೆದ್ದರು.

ಐದನೆಯ ವಾರದಲ್ಲಿ ಅನೇಕರು ಅಳುಕುತ್ತಾರೆ. ಮೊದಲ ದಿನ ಐದೈದು ನಿಮಿಷದ ಮೂರು ಓಟ, ಎರಡನೆಯ ದಿನ ಎಂಟೆಂಟು ನಿಮಿಷದ ಎರಡು. ಮೂರನೆಯ ದಿನ ನಡಿಗೆಯ ಬಿಡುವೇ ಇಲ್ಲದೆ ಒಂದೇ ಸಮನೆ 20 ನಿಮಿಷ! ಅಂದು ವೇಗ ತಗ್ಗಿಸುವುದೇ ಜಾಣತನ. ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲಾಗದಿದ್ದರೆ ಓಟ ಜೋರಾಯಿತೆಂದೇ ಲೆಕ್ಕ.

ಇಷ್ಟು ಹೊತ್ತಿಗೆ ಉಸಿರು ಪಳಗಿರುತ್ತದೆ. ಎಲುಬು, ಸ್ನಾಯುರಜ್ಜುಗಳು ಗಟ್ಟಿಯಾಗಲು ಇನ್ನೂ ತಿಂಗಳುಗಳು ಬೇಕು. ಹುರುಪಿಗೆ ಬಿದ್ದು ದಿನವೂ ಓಡಿದವರು ಮೊಣಕಾಲು, ಕಣಕಾಲು ನೋಯಿಸಿಕೊಳ್ಳುವುದು ಇದರಿಂದಲೇ. ಬಿಡುವಿನ ದಿನಗಳನ್ನೂ ಪಾಠವೆಂದೇ ಎಣಿಸಬೇಕು. ಒಂದು ವಾರ ಕಷ್ಟವೆನಿಸಿದರೆ ಅದನ್ನೇ ಮತ್ತೊಮ್ಮೆ ಮಾಡಲು ಅಡ್ಡಿಯಿಲ್ಲ.

ಇನ್ನು ಋತುವಿನ ಆಯ್ಕೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಡಿಸೆಂಬರ್ ಕೊನೆಗೆ ದಟ್ಟ ಮಂಜು, ಅದರೊಡನೆ ಹೊಗೆ. ದಸರಾ ಮುಗಿದ ವಾರವೇ ಶುರುಮಾಡಿದರೆ ದೇವ ದೀಪಾವಳಿಯ ಜನಜಂಗುಳಿ ನಡುವೆ ಬಂದರೂ ಡಿಸೆಂಬರ್ ಮುಗಿಯುವುದರೊಳಗೆ 30 ನಿಮಿಷದ ಓಟ ಕೈಗೂಡುತ್ತದೆ. ಆ ಅರ್ಧ ಗಂಟೆಯಲ್ಲಿ ಐದು ಕಿಲೋಮೀಟರ್ ಮುಗಿಯದವರು ಜನವರಿಯ ಮಂಜು ಸರಿಯುವವರೆಗೆ ಅದೇ ಅವಧಿಯನ್ನು ಕಾಯ್ದುಕೊಂಡು, ಫೆಬ್ರವರಿಯಲ್ಲಿ ದೂರ ಬೆಳೆಸಬಹುದು.