ಸೀರೆಯ ಚೀಟಿಯನ್ನು ಓದುವುದು

ಚೆನ್ನೈನ ಕೋ-ಆಪ್ಟೆಕ್ಸ್ ಮಳಿಗೆಯಲ್ಲಿ ಕೆಲವು ಸೀರೆಗಳ ಜೊತೆ ಒಂದು ಸಣ್ಣ ಕಾರ್ಡು ಬರುತ್ತದೆ. ನೇಯ್ದವರ ಫೋಟೋ, ಹೆಸರು, ವಯಸ್ಸು, ಎಷ್ಟು ವರ್ಷದಿಂದ ಮಗ್ಗದ ಮುಂದೆ ಕೂತಿದ್ದಾರೆ, ಈ ಸೀರೆಗೆ ಎಷ್ಟು ದಿನ ಹಿಡಿಯಿತು ಎಂಬುದು ಅದರಲ್ಲಿರುತ್ತದೆ. ಕೋ-ಆಪ್ಟೆಕ್ಸ್ ಅಂದರೆ 1935ರಲ್ಲಿ ಶುರುವಾದ, ಕೈಮಗ್ಗ ನೇಕಾರರ ಸಹಕಾರ ಸಂಘಗಳ ಒಕ್ಕೂಟ. ಎಗ್ಮೋರಿನಲ್ಲಿ ಅದರ ಮುಖ್ಯ ಕಚೇರಿ.

ಈ ಕಾರ್ಡನ್ನು ಒಂದು ಬರಹದಂತೆ ಓದಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ಕವಿತೆ, ಕಾದಂಬರಿ, ಸಿನಿಮಾಗಳ ಬಗ್ಗೆ ನಾವು ಎಷ್ಟೊಂದು ಬರೆಯುತ್ತೇವೆ. ಊರು ಬಿಟ್ಟು ಬಂದು ತಿಂಗಳ ಸಂಬಳದಲ್ಲಿ ಬದುಕುವ ನಮ್ಮಂಥವರು ನಿಜವಾಗಿ ಹೆಚ್ಚು ಓದುವುದು ಚೀಟಿಗಳನ್ನು. ಅಂಗಿಯ ಕತ್ತಿನ ಪಟ್ಟಿ, ಸೀರೆಯ ಅಂಚಿಗೆ ಅಂಟಿಸಿದ ಮುದ್ರೆ, ಆನ್‌ಲೈನ್ ಅಂಗಡಿಯಲ್ಲಿ ಬಟ್ಟೆಯ ಕೆಳಗಿನ ಮೂರು ಸಾಲು. ಒಳ್ಳೆಯ ಬಟ್ಟೆ ಬೇಕು, ಮಾಡಿದವರ ಹೊಟ್ಟೆಗೆ ಹೊಡೆಯದ ಬಟ್ಟೆ ಬೇಕು ಎಂದು ಹೊರಟವರಿಗೆ ಈ ಚೀಟಿ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಅದನ್ನು ನಂಬಿಯೇ ದುಡ್ಡು ಕೊಡಬೇಕು.

ಕೋ-ಆಪ್ಟೆಕ್ಸ್ ಕಾರ್ಡು ನಾನು ಈ ಪೇಟೆಯಲ್ಲಿ ಓದಿದ ಅತ್ಯುತ್ತಮ ಚೀಟಿ. ಅದರಲ್ಲಿ ಒಂದೂ ವಿಶೇಷಣವಿಲ್ಲ. 'ಪರಂಪರೆ', 'ಸೊಬಗು', 'ಆತ್ಮ' ಎಂಬ ಮಾತುಗಳಿಲ್ಲ. ಒಬ್ಬ ಮನುಷ್ಯ, ಇಷ್ಟು ದಿನ, ಈ ಸೀರೆ. ಕನ್ನಡದ ಓದುಗಳಾಗಿ ನನಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಕೊಯಮತ್ತೂರು, ಸೇಲಂ ಕಡೆಯ ನೇಕಾರರಲ್ಲಿ ದೇವಾಂಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಬಹಳ ಮನೆಗಳ ಮಾತು ಕನ್ನಡ ಇಲ್ಲವೇ ತೆಲುಗು. ಅವರ ಕುಲದೇವತೆ ಚೌಡೇಶ್ವರಿ. ಬಾದಾಮಿ, ಗುಳೇದಗುಡ್ಡದ ಕಡೆ ಬನಶಂಕರಿಗೆ ನಡೆದುಕೊಳ್ಳುವ ದೇವಾಂಗರನ್ನು ನೋಡುತ್ತಾ ಬೆಳೆದ ನನಗೆ, ತಮಿಳು ಅಕ್ಷರದಲ್ಲಿ ಬರೆದ ಆ ಹೆಸರಿನ ಹಿಂದೆ ಮನೆಯಲ್ಲಿ ಕನ್ನಡ ಆಡುವ ಬಾಯಿ ಇರಬಹುದೇ ಎಂದು ಪ್ರತಿ ಸಲ ಅನಿಸುತ್ತದೆ. ಕಾರ್ಡು ಅದನ್ನು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ ಬಿಡಿ.

ಹೇಳಬೇಕಾದ್ದನ್ನು ಹೇಳದೆ ಇರುವುದು ಬೇರೆ ಕಡೆ. ಎಷ್ಟು ದಿನ ಹಿಡಿಯಿತು ಎನ್ನುತ್ತದೆ, ಆ ದಿನಗಳಿಗೆ ಎಷ್ಟು ಕೂಲಿ ಎನ್ನುವುದಿಲ್ಲ. ಸೀರೆಯ ಬೆಲೆ ಒಂದು ಚೀಟಿಯಲ್ಲಿದೆ, ದಿನಗಳ ಲೆಕ್ಕ ಇನ್ನೊಂದು ಚೀಟಿಯಲ್ಲಿದೆ. ಎರಡರ ನಡುವಿನ ಭಾಗಾಕಾರವನ್ನು ಗಿರಾಕಿ ಮಾಡಲಾಗದು, ಬೇಕಾದ ಅಂಕಿಯೇ ಇಲ್ಲ. 2019-20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35.22 ಲಕ್ಷ ಜನ ನೇಯ್ಗೆ ಮತ್ತು ಅದರ ಪೂರಕ ಕೆಲಸಗಳಲ್ಲಿದ್ದಾರೆ. ಅದರ ಹಿಂದಿನ ಗಣತಿಯಲ್ಲಿ 43.31 ಲಕ್ಷ ಇತ್ತು. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡರಷ್ಟರ ತಿಂಗಳ ಆದಾಯ 5,000 ರೂಪಾಯಿಯ ಒಳಗೆ. ವೇಳಚ್ಚೇರಿಯಲ್ಲಿ ಇಬ್ಬರು ಹಂಚಿಕೊಳ್ಳುವ ಪಿಜಿ ಕೋಣೆಯಲ್ಲಿ ಒಬ್ಬರ ಪಾಲಿನ ಬಾಡಿಗೆ ಅದಕ್ಕಿಂತ ಹೆಚ್ಚು.

ಕಾರ್ಡಿನ ಇನ್ನೊಂದು ಕೊರತೆ ಅದರ ರೂಪದಲ್ಲೇ ಇದೆ. ಒಂದು ಫೋಟೋಕ್ಕೆ ಮಾತ್ರ ಜಾಗ. ಆದರೆ ಸೀರೆ ಒಬ್ಬರ ಕೆಲಸವಲ್ಲ ಎಂದು ಮಗ್ಗ ಇರುವ ಓಣಿಯಲ್ಲಿ ಆಡಿದ ಮಕ್ಕಳಿಗೂ ಗೊತ್ತು. ಲಡಿ ಬಿಚ್ಚಿ ಕಂಡಿಕೆ ಸುತ್ತುವವರು, ಹಾಸು ಹೂಡುವವರು, ಗಂಜಿ ಕೊಡುವವರು, ಬಣ್ಣದ ಕಡಾಯಿಯ ಮುಂದೆ ಉಗಿ ಕುಡಿಯುವವರು. ಅದೇ ಗಣತಿ ಈ ಕೆಲಸಗಾರರಲ್ಲಿ ನೂರಕ್ಕೆ 72 ಜನ ಹೆಂಗಸರು ಎನ್ನುತ್ತದೆ. ನಮ್ಮೂರಲ್ಲಿ ಕಂಡಿಕೆ ಸುತ್ತುವ ಮುದುಕಿಯನ್ನು ಯಾರೂ ನೇಕಾರಳು ಅನ್ನುತ್ತಿರಲಿಲ್ಲ. ಆಕೆ 'ಸುಮ್ಮನ ಕುಂತಿದ್ಲು'.

ಇನ್ನು ಮಗ್ಗಕ್ಕಿಂತ ಹಿಂದಕ್ಕೆ ಹೋದರೆ ಕಾರ್ಡು ಪೂರ್ತಿ ಮೌನ. ಕೈಮಗ್ಗದ ಸೀರೆ ಎಂದಾಗ ಕೈಯಲ್ಲಿ ನೇಯ್ದದ್ದು ಎಂದರ್ಥ. ನೂಲು ಬಹುಪಾಲು ಗಿರಣಿಯದೇ. ತಮಿಳುನಾಡಿನ ಗಿರಣಿ ಎಂದರೆ ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ಲಿನ ಪಟ್ಟಿ. ಅಲ್ಲಿಯ 'ಸುಮಂಗಲಿ' ಯೋಜನೆಯ ಹೆಸರು ಕೇಳಿರಬಹುದು. ಬಡ ಮನೆಯ, ಹೆಚ್ಚಾಗಿ ದಲಿತ ಮನೆಯ, ಹದಿಹರೆಯದ ಹುಡುಗಿಯರನ್ನು ಮೂರು ವರ್ಷಕ್ಕೆ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಕೊನೆಗೆ ಮದುವೆಗೆ ಆಗುವಂತೆ ಒಂದು ಗಂಟು ದುಡ್ಡು ಕೊಡುತ್ತೇವೆ ಎನ್ನುವ ಏರ್ಪಾಡು. ನಡುವೆ ಬಿಟ್ಟು ಹೋದರೆ ಗಂಟಿಲ್ಲ. ನೆದರ್‌ಲೆಂಡ್ಸಿನ ಎರಡು ಸಂಸ್ಥೆಗಳು 2011ರಲ್ಲಿ 'ಕ್ಯಾಪ್ಚರ್ಡ್ ಬೈ ಕಾಟನ್' ಎಂಬ ವರದಿಯನ್ನೂ 2014ರಲ್ಲಿ 'ಫ್ಲಾಡ್ ಫ್ಯಾಬ್ರಿಕ್ಸ್' ಎಂಬ ಇನ್ನೊಂದನ್ನೂ ಪ್ರಕಟಿಸಿದ ಮೇಲೆ ಇದು ಹೊರಜಗತ್ತಿಗೆ ಗೊತ್ತಾಯಿತು. 'ಸುಮಂಗಲಿ' ಎಂಬ ಆ ಹೆಸರೂ ಒಂದು ಚೀಟಿಯೇ ಅಲ್ಲವೇ? ಇಷ್ಟು ಚೆನ್ನಾಗಿ ಬರೆದ, ಇಷ್ಟು ಕೆಟ್ಟ ಚೀಟಿ ಇನ್ನೊಂದಿಲ್ಲ.

ಹಾಗಾಗಿ 'ಕೈಮಗ್ಗ ತೊಟ್ಟರೆ ಕೈ ಶುದ್ಧ' ಎಂದು ನಮ್ಮ ಆಫೀಸಿನಲ್ಲಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಅಸಹನೆ. ಅವರು ಬಟ್ಟೆಯ ಕೊನೆಯ ಅಧ್ಯಾಯವನ್ನಷ್ಟೇ ಓದಿದವರು.

ಆ ಕೊನೆಯ ಅಧ್ಯಾಯವಾದರೂ ನಂಬುವ ಹಾಗಿದೆಯೇ? 2006ರಲ್ಲಿ ಕೈಮಗ್ಗ ಮುದ್ರೆ ಬಂತು. 2015ರ ಆಗಸ್ಟ್ 7ರಂದು ಮೊದಲ ರಾಷ್ಟ್ರೀಯ ಕೈಮಗ್ಗ ದಿನ ನಡೆದದ್ದು, 'ಇಂಡಿಯಾ ಹ್ಯಾಂಡ್‌ಲೂಮ್' ಬ್ರಾಂಡನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ಇದೇ ಚೆನ್ನೈನಲ್ಲಿ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೆ ಮಾತ್ರ ಮೀಸಲಿಡುವ ಕಾನೂನು 1985ರಿಂದಲೇ ಇದೆ. ಇಷ್ಟೆಲ್ಲ ಇದ್ದೂ ಟಿ. ನಗರದಲ್ಲಿ 'ಪ್ಯೂರ್ ಕೈತ್ತರಿ' ಎಂಬ ಮಾತು 'ಇವತ್ತು ಒಳ್ಳೇ ದಿನ' ಎಂಬ ಮಾತಿನಷ್ಟೇ ಸುಲಭವಾಗಿ ಹೊರಡುತ್ತದೆ. ಕಳೆದ ವರ್ಷ ಒಂದು ಅಂಗಡಿಯಲ್ಲಿ ನನಗೆ ಇಳಕಲ್ ಸೀರೆ ತೋರಿಸಿದರು. ಬೋರ್ಡಿನಲ್ಲಿ 'ಹ್ಯಾಂಡ್‌ಲೂಮ್', ಬೆಲೆಯೂ ಕೈಮಗ್ಗದ್ದೇ. ನಾನು ವೀಡಿಯೋ ಕರೆ ಮಾಡಿ ಅವ್ವನಿಗೆ ತೋರಿಸಿದೆ.

"ಸೆರಗು ಮೈಗೆ ಕೂಡತದಲ್ಲ, ಅಲ್ಲಿ ಹಿಡದು ತೋರ್ಸು," ಅಂದಳು ಅವ್ವ.

ತೋರಿಸಿದೆ.

"ಕೊಂಡಿ ಎಲ್ಲೈತಿ? ಕೊಂಡಿ ಇಲ್ಲ ಏನಿಲ್ಲ. ಇದು ಇಳಕಲ್ ಬಣ್ಣದ ಸೀರಿ ಅಷ್ಟ."

ಗೊತ್ತಿಲ್ಲದವರಿಗೆ: ಇಳಕಲ್ಲಿನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೂಡಿದ ಕಡೆ ಬೆರಳಾಡಿಸಿದರೆ ತಿಳಿಯುತ್ತದೆ. ಅಂಗಡಿಯ ಹುಡುಗಿಗೆ ಇದನ್ನು ನನ್ನ ಹರಕು ತಮಿಳಿನಲ್ಲಿ ಹೇಳಿದಾಗ ಅವಳು ನಿಜಕ್ಕೂ ಆಸೆಯಿಂದ ಕೇಳಿಸಿಕೊಂಡಳು, ತಾನೂ ಬೆರಳಾಡಿಸಿ ನೋಡಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ತಕರಾರು ಅವಳ ಮೇಲಲ್ಲ. ಬೋರ್ಡು ಬರೆಸಿದವರಿಗೆ ಕೊಂಡಿ ಗೊತ್ತಿತ್ತೋ ಇಲ್ಲವೋ, ಬೆಲೆ ಮಾತ್ರ ಗೊತ್ತಿತ್ತು. ಅವ್ವ ಇಲ್ಲದ ಗಿರಾಕಿಯ ಗತಿ ಏನು?

ಆ ಹುಡುಗಿ ಇಡೀ ಹೊತ್ತು ನಿಂತೇ ಇದ್ದಳು. ಇಲ್ಲಿ ವಸಂತಬಾಲನ್ ಅವರ 'ಅಂಗಾಡಿ ತೆರು' ಸಿನಿಮಾದ ಬಗ್ಗೆ ಹೇಳಲೇಬೇಕು. 2010ರದು, ಜಯಮೋಹನ್ ಸಂಭಾಷಣೆ. ಟಿ. ನಗರದ ರಂಗನಾಥನ್ ಬೀದಿಯ ಒಂದು ಬಟ್ಟೆ ಅಂಗಡಿಗೆ ತೆಂಕಣ ಜಿಲ್ಲೆಗಳ ಹಳ್ಳಿಯಿಂದ ಬಂದ ಹುಡುಗ ಹುಡುಗಿಯರ ಕಥೆ. ಗೋದಾಮಿನಂಥ ಕೋಣೆಯಲ್ಲಿ ಸಾಲಾಗಿ ಮಲಗುವುದು, ಊಟಕ್ಕೆ ನುಗ್ಗುವುದು, ಮೇಲ್ವಿಚಾರಕನ ಕೈಲಿ ಹೊಡೆತ ತಿನ್ನುವುದು ಎಲ್ಲ ಇದೆ. ಬಟ್ಟೆಯ ಬೆಲೆಯೊಳಗೆ ಮಾರುವವರ ಮೈಯೂ ಸೇರಿದೆ ಎಂದು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ, ಕನ್ನಡದಲ್ಲಂತೂ ಇಲ್ಲ. ನಮ್ಮ ಚಿಕ್ಕಪೇಟೆ ಯಾರ ಕ್ಯಾಮೆರಾಕ್ಕೂ ಹೀಗೆ ಬಿದ್ದಿಲ್ಲ.

ಆದರೂ ಅದರ ಕೊನೆ ನನಗೆ ಒಪ್ಪಿಗೆಯಾಗುವುದಿಲ್ಲ. ಬೀದಿಯಲ್ಲಿ ಮಲಗಿದವರ ಮೇಲೆ ವಾಹನ ಹರಿದು ನಾಯಕಿಯ ಕಾಲು ಹೋಗುತ್ತದೆ. ಅಲ್ಲಿಯವರೆಗೆ ಅಂಗಡಿಯ ಮೇಲಿದ್ದ ನಮ್ಮ ಸಿಟ್ಟು ಆ ಕ್ಷಣ ವಿಧಿಯ ಕಡೆ ತಿರುಗಿಬಿಡುತ್ತದೆ, ಅಂಗಡಿ ಬಚಾವ್. ಗಿರಾಕಿಗಳೂ ಬಚಾವ್, ಏಕೆಂದರೆ ಅವರು ಬಹುಮಟ್ಟಿಗೆ ಬರೀ ಜಂಗುಳಿ. ಸಿನಿಮಾ ನೋಡಿ ಅತ್ತು, ಮುಂದಿನ ಆಡಿ ತಿಂಗಳ ರಿಯಾಯಿತಿಗೆ ಅದೇ ಬೀದಿಗೆ ಹೋಗಲು ಏನೂ ಅಡ್ಡಿಯಾಗದ ಹಾಗೆ ಕಥೆ ಮುಗಿಯುತ್ತದೆ. ಕಣ್ಣೀರಿಗಿಂತ ಕುರ್ಚಿ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಭಾವನೆ. ಅಂಗಡಿ ಕೆಲಸದವರಿಗೆ ಕೂರಲು ಆಸನ ಇಡಲೇಬೇಕು ಎಂದು ಕೇರಳ 2018ರಲ್ಲಿ ನಿಯಮ ಮಾಡಿತು. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡು ವಿಧಾನಸಭೆಯೂ ತನ್ನ ಅಂಗಡಿಗಳ ಕಾಯ್ದೆಯನ್ನು ತಿದ್ದಿತು. ನಾನೀಗ ಅಂಗಡಿಯೊಳಗೆ ಹೋದಾಗ ಮೊದಲು ಹುಡುಕುವುದು ಸ್ಟೂಲು. ಕೆಲವು ಕಡೆ ಸ್ಟೂಲಿನ ಮೇಲೆ ಮಡಿಸಿದ ಬಟ್ಟೆ ಕೂತಿರುತ್ತದೆ.

ಚೀಟಿಯ ಕಥೆ ಹೇಗೆ ಬೆಲೆಯಾಗುತ್ತದೆ ಎಂಬುದಕ್ಕೆ ಈ ಊರಿನ ಹೆಸರು ಹೊತ್ತ ಬಟ್ಟೆಯೇ ಸಾಕ್ಷಿ. ಮದ್ರಾಸ್ ಚೆಕ್ಸ್. 1958ರಲ್ಲಿ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್, ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರು, ಅಮೆರಿಕದ ವಿಲಿಯಂ ಜೇಕಬ್‌ಸನ್ ಎಂಬ ಆಮದುದಾರನಿಗೆ ಹತ್ತು ಸಾವಿರ ಗಜ ಮಾರಿದರು. ತಣ್ಣೀರಿನಲ್ಲಿ ಜೋಪಾನವಾಗಿ ಒಗೆಯಬೇಕೆಂಬ ಎಚ್ಚರಿಕೆ ಗಿರಾಕಿಗಳವರೆಗೆ ತಲುಪಲಿಲ್ಲ. ಬ್ರೂಕ್ಸ್ ಬ್ರದರ್ಸ್ ಅಂಗಡಿಯಲ್ಲಿ ಕೊಂಡವರ ಬಟ್ಟೆಯೆಲ್ಲ ಬಣ್ಣ ಬಿಟ್ಟಿತು, ಗಲಾಟೆಯಾಯಿತು. ಆಮೇಲೆ ಜಾಹೀರಾತಿನವರು ಆ ದೋಷವನ್ನೇ ಗುಣ ಮಾಡಿದರು: ಬಣ್ಣ ಬಿಡುವುದು ಖಾತರಿ! ಪ್ರತಿ ಒಗೆತಕ್ಕೂ ಹೊಸ ಬಣ್ಣ! ಈ ಕಥೆಯನ್ನು ಎಲ್ಲಿ ಓದಿದರೂ ಮಾರಿದವನು, ಕೊಂಡವನು, ಅಂಗಡಿ, ಜಾಹೀರಾತು ನಾಲ್ಕೂ ಇರುತ್ತವೆ. ಹತ್ತು ಸಾವಿರ ಗಜ ನೇಯ್ದವರು ಇರುವುದಿಲ್ಲ.

ಹಾಗಾದರೆ ಸಿದ್ಧ ಉಡುಪು? ಆಫೀಸಿಗೆ ದಿನಾ ಸೀರೆ ಉಟ್ಟು ಎಂಟಿಸಿ ಬಸ್ಸು ಹತ್ತಲು ನನ್ನಿಂದಾಗದು, ನನಗೆ ಅಂಗಿ-ಪ್ಯಾಂಟು ಬೇಕು. ದೊಡ್ಡ ಬ್ರಾಂಡುಗಳ ವೆಬ್‌ಸೈಟಿನಲ್ಲಿ ಹಸಿರು ಎಲೆಯ ಚಿತ್ರದ ಜೊತೆ ಪುಟಗಟ್ಟಲೆ ನೀತಿ ಇರುತ್ತದೆ. ಆ ಪುಟಗಳನ್ನು ಓದಿದವರು 2020ರ ಏಪ್ರಿಲಿನ ಕರ್ನಾಟಕವನ್ನೂ ಓದಬೇಕು. ಗಾರ್ಮೆಂಟ್ ಕೆಲಸಗಾರರ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಲಕ್ಷಾಂತರ ಜನರಿಗೆ ಅದು ಸಿಗದೆ ಎರಡು ವರ್ಷ ಹತ್ತಿರ ಎಳೆದಾಡಿತು. 417 ರೂಪಾಯಿಗೆ ಆ ಬ್ರಾಂಡುಗಳ ಒಂದು ಅಂಗಿಯ ತೋಳೂ ಬರುವುದಿಲ್ಲ. 2016ರ ಏಪ್ರಿಲಿನಲ್ಲಿ ಪಿಎಫ್ ನಿಯಮ ಬದಲಾದಾಗ ಬೆಂಗಳೂರಿನ ಹೊಸೂರು ರಸ್ತೆಯನ್ನು ತಡೆದು ನಿಂತವರೂ ಇದೇ ಹೆಂಗಸರು. ಕೇಂದ್ರ ಸರ್ಕಾರ ಆ ನಿಯಮ ವಾಪಸು ಪಡೆಯಿತು. ಹೀಗೆ ಬದಲಾದದ್ದೆಲ್ಲ ಅವರು ಬೀದಿಗಿಳಿದಾಗ, ಸಂಘ ಕಟ್ಟಿದಾಗ. 2022ರ ಏಪ್ರಿಲಿನ ದಿಂಡಿಗಲ್ ಒಪ್ಪಂದವೂ ಹಾಗೆಯೇ. ಒಬ್ಬ ದಲಿತ ಕೆಲಸಗಾರ್ತಿಯ ಕೊಲೆಯ ನಂತರ, ದಲಿತ ಹೆಂಗಸರು ಮುನ್ನಡೆಸುವ ಟಿಟಿಸಿಯು ಎಂಬ ಸಂಘ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಜೊತೆಗೂ ಎಚ್ ಅಂಡ್ ಎಂ ಜೊತೆಗೂ ಲೈಂಗಿಕ ಕಿರುಕುಳ ತಡೆಯುವ ಕರಾರಿಗೆ ಸಹಿ ಹಾಕಿಸಿತು. ಗಿರಾಕಿಯ ಒಳ್ಳೆಯತನದಿಂದ ಇದ್ಯಾವುದೂ ಆಗಿಲ್ಲ. ಕೊಳ್ಳುವವರ ಮನಸ್ಸಾಕ್ಷಿಯ ಮೇಲೆ ಎಲ್ಲ ಭಾರ ಹೊರಿಸುವ ಲೇಖನಗಳನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಕೊಳ್ಳುವುದಂತೂ ತಪ್ಪುವುದಿಲ್ಲವಲ್ಲ. ನಾನು ಇಲ್ಲಿ ಕಂಡ ಅತಿ ಉದ್ದದ ಚೀಟಿ, ಅಂದರೆ ಹೊಲದವರೆಗೂ ಹೋಗುವ ಚೀಟಿ, ಚೆನ್ನೈನ 'ತುಲಾ' ಎಂಬ ಸಂಸ್ಥೆಯದು. ಮಳೆಯಾಶ್ರಯದ ನಾಟಿ ಹತ್ತಿ, ಸಾವಯವ ಬೆಳೆ, ಕೈನೂಲು, ಕೈಮಗ್ಗ, ಗಿಡದ ಬಣ್ಣ. ಅವರ ಜೊತೆ ಕೆಲಸ ಮಾಡುವವರಲ್ಲಿ ನಮ್ಮ ಮೇಲುಕೋಟೆಯ ಜನಪದ ಸೇವಾ ಟ್ರಸ್ಟೂ ಇದೆ. ಸುರೇಂದ್ರ ಕೌಲಗಿಯವರು 1960ರಲ್ಲಿ ಶುರು ಮಾಡಿದ್ದು. ಮಂಡ್ಯ ಜಿಲ್ಲೆಯಲ್ಲಿ ನೇಯ್ದದ್ದನ್ನು ಮದ್ರಾಸಿನಲ್ಲಿ ಕೊಳ್ಳುವುದರಲ್ಲಿ ನನಗೊಂದು ಗುಟ್ಟಾದ ಖುಷಿಯಿದೆ. ಆದರೆ ವಿಮರ್ಶೆಯೆಂದ ಮೇಲೆ ಹೇಳಬೇಕು: ಬೇಕಾದಾಗ ಬೇಕಾದ ಅಳತೆ ಸಿಗುವುದಿಲ್ಲ, ಬಣ್ಣಗಳು ನಾಲ್ಕಾರು, ಮೊದಲ ಕೆಲಸಕ್ಕೆ ಸೇರಿದವರಿಗೆ ಬೆಲೆ ಭಾರ. ಸಾಗರದ ಹತ್ತಿರ ಭೀಮನಕೋಣೆಯ 'ಚರಕ' ಸಂಸ್ಥೆಯ ಹೆಂಗಸರು ಅಡಿಕೆ ಚೊಗರಿನಲ್ಲಿ ಅದ್ದಿದ ಬಟ್ಟೆಗೂ ಇದೇ ಮಾತು. ನಾನು ಬೆಂಗಳೂರಿಗೆ ಹೋದಾಗಲೆಲ್ಲ 'ದೇಸಿ' ಅಂಗಡಿಯಿಂದ ಗೆಳತಿಯರಿಗೆಲ್ಲ ಸೇರಿಸಿ ಹೊತ್ತು ತರುತ್ತೇನೆ. ಕೈಯಿಂದ ಮಾಡಿದ ವಸ್ತುವಿಗೆ ಸೊನ್ನೆ ಜಿಎಸ್‌ಟಿ ಇರಲಿ ಎಂದು ಪ್ರಸನ್ನ ಅವರು 2017ರಲ್ಲಿ ಉಪವಾಸ ಕೂತಾಗ ನಮ್ಮಲ್ಲಿ ಹಲವರು ಅದನ್ನು ರಂಗಕರ್ಮಿಯ ಹಟ ಎಂದು ನಕ್ಕೆವು. ಬಿಲ್ಲು ಕೈಗೆ ಬಂದಾಗ ಆ ಹಟದ ಅರ್ಥ ಆಗುತ್ತದೆ.

ಮೊನ್ನೆ ಆಗಸ್ಟಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ಧ್ವಜ ತರಿಸಿದರು. ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರದು, ಬಿಐಎಸ್ ಮಾನ್ಯತೆಯ ಹತ್ತಿ ಧ್ವಜ ಮಾಡುತ್ತದೆ. ಎಳೆಯ ಎಣಿಕೆ, ಬಣ್ಣದ ಗಟ್ಟಿತನ, ಹೊಲಿಗೆ ಎಲ್ಲಕ್ಕೂ ಅಳತೆ. ಈ ದೇಶದಲ್ಲಿ ಇಷ್ಟು ಕಟ್ಟುನಿಟ್ಟಾಗಿ ತಪಾಸಣೆಯಾದ ಇನ್ನೊಂದು ಬಟ್ಟೆ ಇರಲಾರದು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ನಮ್ಮ ಗೇಟಿಗೆ ಬಂದದ್ದು ಪಾಲಿಯೆಸ್ಟರು. ನಾನು ಬೆಂಗೇರಿಯ ಹೆಸರೆತ್ತಿದಾಗ ಕಾರ್ಯದರ್ಶಿಗಳು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟಾಗುತ್ತೆ, ನಾಳೆ ಬೆಳಿಗ್ಗೆಯೊಳಗೆ ಬರುತ್ತಾ.